ಕಾಲೇಜಿನ ಪಾಠ ಹೈಸ್ಕೂಲಿಗೆ ಬಂದಿದೆ, ಮಕ್ಕಳಿಗೆ ಹೇಳುವವರು ಯಾರು?

ಕ್ಯಾಲಿಫೋರ್ನಿಯಾದ ಹೈಸ್ಕೂಲ್ ಹುಡುಗಿಯೊಬ್ಬಳು ತನ್ನೂರಿನ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸಾರ್ವಜನಿಕ ಕಾಲೇಜು) ಒಂದು ಪಾಠಕ್ಕೆ ಸೇರಬೇಕಾದರೆ ಪ್ರವೇಶದ ಅರ್ಜಿಯ ಜೊತೆಗೆ ಒಂದು ಒಪ್ಪಿಗೆ ಪತ್ರವನ್ನೂ ಕೊಡಬೇಕು. ಅದರಲ್ಲಿ ಅವಳ ಸಹಿ ಇರಬೇಕು, ಅಪ್ಪನದೋ ಅಮ್ಮನದೋ ಸಹಿ ಇರಬೇಕು, ಶಾಲೆಯ ಪರವಾಗಿ ಪ್ರಿನ್ಸಿಪಾಲರೋ ಅವರು ಗೊತ್ತುಮಾಡಿದವರೋ ಹಾಕಿದ ಸಹಿಯೂ ಇರಬೇಕು. ಹೀಗೆ ಗೊತ್ತುಮಾಡಿದವರು ಸಾಮಾನ್ಯವಾಗಿ ಶಾಲೆಯ ಕೌನ್ಸೆಲರ್. ಕಾಲೇಜು ಬೇಡ ಎನ್ನುವುದಿಲ್ಲ. ರಾಜ್ಯದ ಕಾನೂನು ಬೇಡ ಎನ್ನುವುದಿಲ್ಲ. ಹಲವು ಕಡೆ ಶುಲ್ಕವೂ ಇಲ್ಲ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಇಂಥದೊಂದು ಪತ್ರ ಇದೆ ಎಂದು ಹುಡುಗಿಗೆ ಹೇಳಿದವರು ಯಾರು, ಅವಳಿಗೆ ಹೇಳಬೇಕೆಂದು ಕೌನ್ಸೆಲರಿಗೆ ಅನ್ನಿಸಿತೇ, ಅನ್ನಿಸಿದರೂ ಅವರಿಗೆ ಪುರುಸೊತ್ತು ಇತ್ತೇ? ಅಮೆರಿಕದ ಅಸಂಖ್ಯ ಮಕ್ಕಳ ಮುಂದಿನ ಓದು ಈ ಮೂರು ಪ್ರಶ್ನೆಗಳನ್ನು ನೆಚ್ಚಿಕೊಂಡಿದೆ.

ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜಿನ ಪಾಠ ಓದಿ, ಅದೇ ಪಾಠಕ್ಕೆ ಹೈಸ್ಕೂಲಿನ ಅಂಕವನ್ನೂ ಕಾಲೇಜಿನ ಕ್ರೆಡಿಟ್ಟನ್ನೂ ಒಟ್ಟಿಗೆ ಪಡೆಯುವ ಈ ಏರ್ಪಾಡಿಗೆ ಅಲ್ಲಿ ಡ್ಯುಯಲ್ ಎನ್‌ರೋಲ್‌ಮೆಂಟ್ ಎನ್ನುತ್ತಾರೆ. ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ಹೆಸರು. ವಾಷಿಂಗ್ಟನ್ ರಾಜ್ಯದಲ್ಲಿ ರನ್ನಿಂಗ್ ಸ್ಟಾರ್ಟ್, ಒಹಾಯೊದಲ್ಲಿ ಕಾಲೇಜ್ ಕ್ರೆಡಿಟ್ ಪ್ಲಸ್. ಇದು ಹೊಸ ಯೋಚನೆಯಲ್ಲ. ನ್ಯೂಯಾರ್ಕ್ ನಗರದ ಲಾಗಾರ್ಡಿಯಾ ಕಮ್ಯುನಿಟಿ ಕಾಲೇಜಿನ ಆವರಣದಲ್ಲೇ 1974ರಲ್ಲಿ ಒಂದು ಹೈಸ್ಕೂಲು ಶುರುವಾಯಿತು. ಓದು ಬಿಟ್ಟುಬಿಡುವ ಅಂಚಿನಲ್ಲಿದ್ದ ಮಕ್ಕಳನ್ನು ಕಾಲೇಜಿನ ಗಾಳಿಯಲ್ಲಿ ಇಟ್ಟರೆ ಅವರು ನಿಲ್ಲುತ್ತಾರೆ ಎಂಬ ನಂಬಿಕೆ ಅದರ ಹಿಂದಿತ್ತು. ಮೊದಲು ಬಂದ ಪ್ರಯೋಗಗಳಲ್ಲಿ ಒಂದು ಬುದ್ಧಿವಂತರೆಂದು ಹೆಸರಾದವರಿಗಾಗಿ ಹುಟ್ಟಿದ್ದಲ್ಲ, ಸೋಲುತ್ತಿದ್ದವರಿಗಾಗಿ ಹುಟ್ಟಿದ್ದು ಎಂಬುದನ್ನು ನಾವು ಮರೆಯಬಾರದು. 1985ರಲ್ಲಿ ಮಿನೆಸೋಟ ರಾಜ್ಯ, ರೂಡಿ ಪರ್ಪಿಚ್ ಗವರ್ನರ್ ಆಗಿದ್ದಾಗ, ಇಡೀ ರಾಜ್ಯದ ಮಕ್ಕಳಿಗೆ ಅನ್ವಯಿಸುವ ಕಾನೂನು ತಂದು ದಾರಿ ತೋರಿಸಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿರುವ ಕಮ್ಯುನಿಟಿ ಕಾಲೇಜು ಸಂಶೋಧನಾ ಕೇಂದ್ರದ ಲೆಕ್ಕದಂತೆ 2022-23ರಲ್ಲಿ ಸುಮಾರು 25 ಲಕ್ಷ ಹೈಸ್ಕೂಲ್ ವಿದ್ಯಾರ್ಥಿಗಳು ಕಾಲೇಜಿನ ಒಂದಾದರೂ ಪಾಠ ಓದಿದ್ದಾರೆ. ದೇಶದ ಕಮ್ಯುನಿಟಿ ಕಾಲೇಜುಗಳ ದಾಖಲಾತಿ ತೆಗೆದು ನೋಡಿದರೆ ಐವರಲ್ಲಿ ಒಬ್ಬರು ಇನ್ನೂ ಹೈಸ್ಕೂಲಿನವರು.

ಇದರಿಂದ ಸಿಗುವುದೇನು ಎಂದರೆ ಎಲ್ಲರೂ ಮೊದಲು ಹೇಳುವುದು ಹಣದ ಉಳಿತಾಯ. ಅದು ನಿಜ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಯುನಿಟ್ಟಿಗೆ, ಅಂದರೆ ಒಂದು ಕ್ರೆಡಿಟ್ಟಿಗೆ, 46 ಡಾಲರ್, ಮೂರು ಯುನಿಟ್ಟಿನ ಒಂದು ಪಾಠಕ್ಕೆ 138 ಡಾಲರ್. ಹೈಸ್ಕೂಲ್ ಮಕ್ಕಳಿಗೆ ಬಹಳಷ್ಟು ಕಡೆ ಅದೂ ಮಾಫಿ. ಅದೇ ಪಾಠವನ್ನು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಓದಿದರೆ ಅದರ ಹಲವು ಪಟ್ಟು ಖರ್ಚು. ಆದರೆ ನನಗೆ ಹಣಕ್ಕಿಂತ ದೊಡ್ಡದಾಗಿ ಕಾಣುವುದು ಧೈರ್ಯ. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರದ ಹುಡುಗನೊಬ್ಬ ಹದಿನಾರನೇ ವಯಸ್ಸಿಗೆ ಕಾಲೇಜಿನ ಇಂಗ್ಲಿಷ್ ಪ್ರಬಂಧದ ಪಾಠ ಓದಿ ಪಾಸಾದರೆ, ಕಾಲೇಜು ನನ್ನಂಥವನಿಗಲ್ಲ ಎಂಬ ಮಾತು ಅವನ ಮನಸ್ಸಿನಿಂದ ತಾನಾಗಿ ಹೋಗುತ್ತದೆ. ಅವನಿಗೆ ಯಾರೂ ಭಾಷಣ ಮಾಡಬೇಕಾಗಿಲ್ಲ, ಅಂಕಪಟ್ಟಿಯೇ ಹೇಳುತ್ತದೆ.

ಇದು ಬರೀ ಆಶಯವಲ್ಲ. ಅಮೆರಿಕದ ಶಿಕ್ಷಣ ಇಲಾಖೆಯ ವಾಟ್ ವರ್ಕ್ಸ್ ಕ್ಲಿಯರಿಂಗ್‌ಹೌಸ್ ಎಂಬ ವಿಭಾಗ ಅಧ್ಯಯನಗಳನ್ನು ಸೋಸಿ ನೋಡುವುದರಲ್ಲಿ ಬಲು ಕಟ್ಟುನಿಟ್ಟು. 2017ರ ಅದರ ವರದಿ, ಹೈಸ್ಕೂಲು ಮುಗಿಸುವುದರಲ್ಲಿ, ಕಾಲೇಜು ಸೇರುವುದರಲ್ಲಿ, ಪದವಿ ಪಡೆಯುವುದರಲ್ಲಿ ಈ ಏರ್ಪಾಡು ಒಳ್ಳೆಯ ಪರಿಣಾಮ ಬೀರಿದೆ ಎಂದು ಒಪ್ಪಿಕೊಂಡಿತು. ನಾರ್ತ್ ಕ್ಯಾರೊಲಿನಾದಲ್ಲಿ ಕಾಲೇಜಿನ ಆವರಣದಲ್ಲೇ ನಡೆಯುವ ಅರ್ಲಿ ಕಾಲೇಜ್ ಹೈಸ್ಕೂಲುಗಳಿವೆ. ಅಲ್ಲಿ ಸೀಟಿಗಿಂತ ಅರ್ಜಿ ಹೆಚ್ಚಾದಾಗ ಚೀಟಿ ಎತ್ತಿ ಮಕ್ಕಳನ್ನು ಸೇರಿಸಿಕೊಂಡರು. ಚೀಟಿ ಬಂದವರನ್ನೂ ಬಾರದವರನ್ನೂ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಸಂಶೋಧಕರಿಗೆ, ಬಂದವರೇ ಹೆಚ್ಚು ಸಂಖ್ಯೆಯಲ್ಲಿ ಕಾಲೇಜು ಸೇರಿದ್ದು, ಪದವಿ ಪಡೆದದ್ದು ಕಂಡಿತು. ಜಾಣರು ಬಂದರು, ಅದಕ್ಕೇ ಗೆದ್ದರು ಎಂಬ ಅನುಮಾನಕ್ಕೆ ಚೀಟಿ ಎತ್ತಿದ ಕಡೆ ಜಾಗವಿಲ್ಲ.

ಹಾಗಾದರೆ ಯಾರಿಗೆ ಸಿಗುತ್ತಿದೆ? 2009ರಲ್ಲಿ ಒಂಬತ್ತನೇ ತರಗತಿಯಲ್ಲಿದ್ದ ಮಕ್ಕಳನ್ನು ಅಮೆರಿಕದ ಶಿಕ್ಷಣ ಅಂಕಿಅಂಶ ಕೇಂದ್ರ ಬಹುಕಾಲ ಗಮನಿಸಿ 2019ರಲ್ಲಿ ಪ್ರಕಟಿಸಿದ ಟಿಪ್ಪಣಿಯೊಂದಿದೆ. ಅದರಂತೆ ಅಪ್ಪ ಅಥವಾ ಅಮ್ಮ ಪದವೀಧರರಾಗಿದ್ದ ಮನೆಯ ಮಕ್ಕಳಲ್ಲಿ ಶೇ 42ರಷ್ಟು ಮಂದಿ ಕಾಲೇಜಿನ ಪಾಠ ಓದಿದ್ದರು. ಅಪ್ಪ ಅಮ್ಮ ಹೈಸ್ಕೂಲನ್ನೂ ಮುಗಿಸದ ಮನೆಗಳಲ್ಲಿ ಈ ಪ್ರಮಾಣ ಶೇ 26. ಅಂದರೆ ಯಾರಿಗೆ ಇದರ ಅಗತ್ಯ ಹೆಚ್ಚೋ ಅವರಿಗೇ ಕಡಿಮೆ ತಲುಪಿದೆ. ಬಡ ಮಕ್ಕಳು ಹೆಚ್ಚಿರುವ ಹೈಸ್ಕೂಲುಗಳಲ್ಲಿ, ಚಿಕ್ಕ ಹೈಸ್ಕೂಲುಗಳಲ್ಲಿ ಕಾಲೇಜಿಗೆ ಅಣಿಗೊಳಿಸುವ ಗಣಿತ, ವಿಜ್ಞಾನದ ಪಾಠಗಳೇ ಕಡಿಮೆ ಎಂದು ಸಂಸತ್ತಿನ ಲೆಕ್ಕ ತನಿಖಾ ಕಚೇರಿ 2018ರಲ್ಲಿ ಹೇಳಿತ್ತು. ದೇಶದ ಹೈಸ್ಕೂಲುಗಳಲ್ಲಿ ಸರಿಸುಮಾರು ಅರ್ಧದಷ್ಟು ಕಡೆ ಕ್ಯಾಲ್ಕುಲಸ್ ಪಾಠವೇ ಇಲ್ಲ. ಅಂಥ ಶಾಲೆಯಲ್ಲಿ ಎಂಜಿನಿಯರ್ ಆಗಬೇಕೆಂದಿರುವ ಹುಡುಗಿಗೆ ಪಕ್ಕದ ಕಾಲೇಜೇ ಗತಿ.

ಕೌನ್ಸೆಲರ್ ಎಂಬ ಹುದ್ದೆ ನಮ್ಮ ಓದುಗರಿಗೆ ಅಷ್ಟು ಪರಿಚಿತವಲ್ಲ. ಪಾಠ ಮಾಡುವ ಮೇಷ್ಟ್ರಲ್ಲ, ಆಡಳಿತಗಾರರಲ್ಲ, ಚಿಕಿತ್ಸೆ ಕೊಡುವ ಮನೋವೈದ್ಯರೂ ಅಲ್ಲ. ಯಾವ ಮಗು ಯಾವ ಪಾಠ ತೆಗೆದುಕೊಳ್ಳಬೇಕು, ಯಾರು ಹಿಂದೆ ಬೀಳುತ್ತಿದ್ದಾರೆ, ಯಾರ ಮನೆಯಲ್ಲಿ ಏನು ತೊಂದರೆ, ಯಾವ ಕಾಲೇಜಿಗೆ ಅರ್ಜಿ ಹಾಕಬೇಕು, ಇವೆಲ್ಲ ಅವರ ಮೇಜಿಗೆ ಬರುತ್ತವೆ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮರುವರ್ಷ ಅಮೆರಿಕ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ತಂದು ಶಾಲಾ ಕೌನ್ಸೆಲರುಗಳ ತರಬೇತಿಗೆ ಹಣ ಸುರಿಯಿತು. ಪರೀಕ್ಷೆ ಮಾಡಿ, ಜಾಣ ಮಕ್ಕಳನ್ನು ಹುಡುಕಿ, ವಿಜ್ಞಾನದ ಕಡೆ ಕಳಿಸಬೇಕು ಎಂಬುದು ಆಗಿನ ಉದ್ದೇಶ. ಈ ವೃತ್ತಿ ಈಗಿನ ಗಾತ್ರಕ್ಕೆ ಬೆಳೆದದ್ದೇ ಆರಿಸುವ ಕೆಲಸಕ್ಕಾಗಿ. ಆರಿಸುವವರು ಬಿಟ್ಟುಬಿಡುವುದನ್ನೂ ಕಲಿಯುತ್ತಾರೆ. ಆರನ್ ಸಿಕೊರೆಲ್ ಮತ್ತು ಜಾನ್ ಕಿಟ್ಸೂಸ್ ಎಂಬ ಸಮಾಜಶಾಸ್ತ್ರಜ್ಞರು 1963ರಲ್ಲಿ ಒಂದು ದೊಡ್ಡ ಹೈಸ್ಕೂಲಿನ ಅಧ್ಯಯನ ಪ್ರಕಟಿಸಿದರು. ಯಾರು ಕಾಲೇಜಿಗೆ ತಕ್ಕವರು ಎಂಬ ತೀರ್ಮಾನದಲ್ಲಿ ಅಂಕದ ಜೊತೆಗೆ ಮನೆತನ, ನಡವಳಿಕೆ, ಕೌನ್ಸೆಲರಿಗೆ ಬಂದ ಅಭಿಪ್ರಾಯ ಇವೆಲ್ಲ ಸೇರಿಕೊಳ್ಳುತ್ತವೆ ಎಂದು ಅವರು ತೋರಿಸಿದರು.

ಮಿಶೆಲ್ ಒಬಾಮಾ ತಮ್ಮ ಆತ್ಮಕಥೆ 'ಬಿಕಮಿಂಗ್'ನಲ್ಲಿ ಇಂಥದೇ ಒಂದು ಘಟನೆ ಹೇಳಿದ್ದಾರೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಹೋಗುತ್ತೇನೆ ಎಂದ ಹುಡುಗಿ ಮಿಶೆಲ್‌ಗೆ, ನೀನು ಅಲ್ಲಿಗೆ ತಕ್ಕವಳೋ ಅಲ್ಲವೋ ಎಂದು ಹೈಸ್ಕೂಲಿನ ಕೌನ್ಸೆಲರ್ ಅನುಮಾನ ಪಟ್ಟರಂತೆ. ಹುಡುಗಿ ಹೋದಳು, 1985ರಲ್ಲಿ ಪದವಿ ಪಡೆದಳು. ಈ ಘಟನೆಯ ಮುಂದುವರಿಕೆ ನನಗೆ ಇನ್ನೂ ಮುಖ್ಯ. ಅವರು ಶ್ವೇತಭವನಕ್ಕೆ ಬಂದ ಮೇಲೆ ಆ ವೃತ್ತಿಯ ಮೇಲೆ ಮುನಿಸಿಟ್ಟುಕೊಳ್ಳಲಿಲ್ಲ. 2015ರಿಂದ ದೇಶದ ಅತ್ಯುತ್ತಮ ಶಾಲಾ ಕೌನ್ಸೆಲರನ್ನು ಶ್ವೇತಭವನಕ್ಕೇ ಕರೆಸಿ ಗೌರವಿಸಿದರು. 2017ರ ಜನವರಿಯಲ್ಲಿ ದೇಶದ ಪ್ರಥಮ ಮಹಿಳೆಯಾಗಿ ಅವರು ಮಾಡಿದ ಕೊನೆಯ ಭಾಷಣ ಕೂಡ ಶಾಲಾ ಕೌನ್ಸೆಲರುಗಳ ಸನ್ಮಾನ ಸಭೆಯಲ್ಲೇ. ಒಬ್ಬ ಕೌನ್ಸೆಲರಿನ ಒಂದು ಮಾತಿಗೆ ಎಷ್ಟು ತೂಕವಿದೆ ಎಂದು ಅನುಭವಿಸಿದವರಿಗೆ ಗೊತ್ತು.

ವೃತ್ತಿಯೊಳಗೂ ಬದಲಾವಣೆ ಬಂತು. 1990ರ ದಶಕದ ಕೊನೆಯಲ್ಲಿ ಎಜುಕೇಶನ್ ಟ್ರಸ್ಟ್ ಎಂಬ ಸಂಸ್ಥೆ ಕೌನ್ಸೆಲರುಗಳ ತರಬೇತಿಯನ್ನೇ ಹೊಸದಾಗಿ ರೂಪಿಸಲು ಹೊರಟಿತು. ಬಾಗಿಲು ಕಾಯುವುದನ್ನು ಬಿಟ್ಟು ಮಕ್ಕಳ ಪರವಾಗಿ ವಕಾಲತ್ತು ವಹಿಸುವುದು ಅವರ ಕೆಲಸ ಎಂಬುದು ಅದರ ತಿರುಳು. ಅಮೆರಿಕದ ಶಾಲಾ ಕೌನ್ಸೆಲರುಗಳ ಸಂಘ 2003ರಲ್ಲಿ ತಂದ ರಾಷ್ಟ್ರೀಯ ಮಾದರಿಯಲ್ಲಿ ಈ ವಕಾಲತ್ತು ವೃತ್ತಿಯ ಮೂಲ ಲಕ್ಷಣಗಳಲ್ಲಿ ಒಂದಾಗಿ ಸೇರಿತು. ಸಂಘದ ಪ್ರಕಾರ ಒಬ್ಬ ಕೌನ್ಸೆಲರಿಗೆ 250 ಮಕ್ಕಳಿಗಿಂತ ಹೆಚ್ಚು ಇರಬಾರದು. 2023-24ರಲ್ಲಿ ದೇಶದ ಸರಾಸರಿ 376. ಅರಿಜೋನಾದಲ್ಲಿ ಅದು 600 ದಾಟಿತ್ತು. ಅಷ್ಟು ಮಕ್ಕಳಲ್ಲಿ ಯಾರು ಬಾಗಿಲು ತಟ್ಟುತ್ತಾರೋ ಅವರ ಕೆಲಸ ಆಗುತ್ತದೆ. ತಟ್ಟುವುದನ್ನು ಮನೆಯಲ್ಲಿ ಕಲಿಸಿರಬೇಕಲ್ಲವೇ?

ಈಗ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಲಾಸ್ ಏಂಜಲಿಸ್‌ನಿಂದ ಉತ್ತರಕ್ಕೆ ಗುಡ್ಡ ದಾಟಿ ಇಳಿದರೆ ಕರ್ನ್ ಕೌಂಟಿ. ದ್ರಾಕ್ಷಿ, ಬಾದಾಮಿ, ಕಿತ್ತಳೆ ತೋಟಗಳು, ನಡುನಡುವೆ ತೈಲದ ಬಾವಿಗಳು. ಆರ್ವಿನ್, ಡಿಲೇನೊ, ಮ್ಯಾಕ್‌ಫಾರ್ಲಂಡ್‌ನಂಥ ಊರುಗಳಲ್ಲಿ ತೋಟದ ಕೂಲಿಕಾರರ ಮಕ್ಕಳೇ ಹೆಚ್ಚು. ಮನೆಮಾತು ಸ್ಪ್ಯಾನಿಷ್, ಕೆಲವರದು ಮಿಷ್ಟೆಕ್, ತಗಾಲೊಗ್, ಪಂಜಾಬಿ. ಸುತ್ತಲಿನ ಕಾಲೇಜು ಎಂದರೆ ಬೇಕರ್ಸ್‌ಫೀಲ್ಡ್ ಕಾಲೇಜು. ಅದರ ಅಧ್ಯಕ್ಷರಾಗಿದ್ದವರು ಕೇರಳದಲ್ಲಿ ಹುಟ್ಟಿ ಬೆಳೆದ ಸೋನ್ಯಾ ಕ್ರಿಶ್ಚಿಯನ್. 2023ರಿಂದ ಅವರು ಇಡೀ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜು ವ್ಯವಸ್ಥೆಯ ಚಾನ್ಸಲರ್. ರಾಜ್ಯದ ಪ್ರತಿ ಹೈಸ್ಕೂಲ್ ವಿದ್ಯಾರ್ಥಿಯೂ ಕನಿಷ್ಠ 12 ಯುನಿಟ್ ಕಾಲೇಜು ಪಾಠ ಮುಗಿಸಿಯೇ ಹೊರಬರಬೇಕು, ಅದಕ್ಕೆ ಒಂಬತ್ತನೇ ತರಗತಿಯಿಂದಲೇ ಶುರುಮಾಡಬೇಕು ಎಂಬುದು ಅವರ 'ವಿಷನ್ 2030' ಯೋಜನೆಯ ಗುರಿಗಳಲ್ಲಿ ಒಂದು. ಕರ್ನ್ ಕೌಂಟಿಯ ಊರುಗಳಲ್ಲಿ ಮೊದಲು ಮಾಡಿ ನೋಡಿದ್ದನ್ನೇ ರಾಜ್ಯಕ್ಕೆ ಹಬ್ಬಿಸುತ್ತಿದ್ದಾರೆ.

ಇಂಥ ಊರಿನ ಒಬ್ಬ ಹುಡುಗಿ ಎಂದು ಊಹಿಸಿಕೊಳ್ಳಿ. ಹತ್ತನೇ ತರಗತಿ, ಲೆಕ್ಕದಲ್ಲಿ ಚುರುಕು, ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಅಮ್ಮ ದ್ರಾಕ್ಷಿ ಪ್ಯಾಕಿಂಗಿಗೆ ಹೋಗುತ್ತಾಳೆ, ಅಪ್ಪ ತೋಟದಲ್ಲಿ ಕೆಲಸ. ಕೌನ್ಸೆಲರ್ ಅವಳ ಪರವಾಗಿ ನಿಲ್ಲುವುದು ಎಂದರೆ ಏನೇನು ಮಾಡುವುದು? ಮೊದಲ ಕೆಲಸ ಪಟ್ಟಿ ನೋಡುವುದು. ಈ ವರ್ಷ ಕಾಲೇಜಿನ ಪಾಠದಲ್ಲಿ ಕುಳಿತಿರುವ ಮಕ್ಕಳು ಯಾರು, ಶಾಲೆಯ ಒಟ್ಟು ಮಕ್ಕಳು ಯಾರು, ಉಚಿತ ಊಟ ಪಡೆಯುವವರು ಅದರಲ್ಲಿ ಎಷ್ಟು, ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವವರು ಎಷ್ಟು ಎಂದು ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಡುವುದು. ಅರ್ಧ ದಿನದ ಕೆಲಸ, ಆದರೆ ಎಷ್ಟೋ ಶಾಲೆಗಳಲ್ಲಿ ಅದನ್ನು ಯಾರೂ ಮಾಡಿರುವುದಿಲ್ಲ. ಮಾಡಿದವರಿಗೆ ಪ್ರಿನ್ಸಿಪಾಲರ ಮುಂದೆ ಮಾತಾಡಲು ಆಧಾರ ಸಿಗುತ್ತದೆ.

ಆಮೇಲೆ ಬರುವುದು ಗಂಟೆ. ಕಾಲೇಜಿನ ಪಾಠ ಸಂಜೆ ನಾಲ್ಕಕ್ಕೆ, ಊರಿನ ಕೊನೆಯ ಸ್ಕೂಲ್ ಬಸ್ಸು ಮೂರೂವರೆಗೆ ಎಂದಾದರೆ ಕಾರಿಲ್ಲದ ಮನೆಯ ಮಕ್ಕಳು ಅಲ್ಲಿಗೇ ಮುಗಿದರು. ನಿಯಮದಲ್ಲಿ ಎಲ್ಲರಿಗೂ ಅವಕಾಶವಿದೆ, ವೇಳಾಪಟ್ಟಿಯಲ್ಲಿ ಇಲ್ಲ. ಪಾಠವನ್ನು ಹೈಸ್ಕೂಲಿನ ಕಟ್ಟಡಕ್ಕೇ, ಶಾಲೆಯ ಅವಧಿಗೇ ತರಬೇಕು ಎಂದು ಕೌನ್ಸೆಲರ್ ಪಟ್ಟು ಹಿಡಿಯಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2015ರ ಎಬಿ 288 ಎಂಬ ಕಾನೂನು ಇದಕ್ಕೆ ದಾರಿ ಮಾಡಿತು. ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಮತ್ತು ಕಾಲೇಜು ಒಪ್ಪಂದ ಮಾಡಿಕೊಂಡರೆ ಹೈಸ್ಕೂಲಿನಲ್ಲೇ, ಅಲ್ಲಿನ ಮಕ್ಕಳಿಗೆಂದೇ ಕಾಲೇಜು ಪಾಠ ನಡೆಸಬಹುದು, ಮಗುವಿನಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ, ಒಂದು ಅವಧಿಯಲ್ಲಿ 15 ಯುನಿಟ್‌ವರೆಗೂ ಓದಬಹುದು. ಕಾಲೇಜಿಗೆ ಹೋಗುವ ಯೋಚನೆ ಇನ್ನೂ ಇಲ್ಲದ ಮಕ್ಕಳನ್ನೂ, ಉನ್ನತ ಶಿಕ್ಷಣದಲ್ಲಿ ಕಡಿಮೆ ಕಾಣುವ ಸಮುದಾಯಗಳ ಮಕ್ಕಳನ್ನೂ ತಲುಪುವುದು ತನ್ನ ಉದ್ದೇಶ ಎಂದು ಆ ಕಾನೂನು ಬಾಯಿಬಿಟ್ಟೇ ಹೇಳುತ್ತದೆ.

ಮೂರನೆಯದು ಅಮ್ಮನ ಸಹಿ. ಇಂಗ್ಲಿಷಿನಲ್ಲಿರುವ ಪತ್ರ ಮನೆಗೆ ಹೋದರೆ ಹುಡುಗಿಯೇ ಅದನ್ನು ಅಮ್ಮನಿಗೆ ಓದಿ ಹೇಳಬೇಕು. ಇದರಲ್ಲಿ ಸಾಲವೇನಾದರೂ ಇದೆಯಾ, ಮಗಳು ಊರು ಬಿಟ್ಟು ಹೋಗುತ್ತಾಳಾ, ಸರ್ಕಾರದವರಿಗೆ ನಮ್ಮ ವಿವರ ಹೋಗುತ್ತದಾ ಎಂದೆಲ್ಲ ಅಮ್ಮನಿಗೆ ದಿಗಿಲು. ಅದು ದಡ್ಡತನವಲ್ಲ, ಕಷ್ಟದಲ್ಲಿ ಬದುಕಿದವರ ಎಚ್ಚರ. ಆ ಎಚ್ಚರವನ್ನು ಗೌರವಿಸಿ, ಅವರ ಮಾತಿನಲ್ಲೇ, ಅವರ ಕೆಲಸ ಮುಗಿದ ಹೊತ್ತಿನಲ್ಲೇ ಕುಳಿತು ವಿವರಿಸುವವರು ಬೇಕು. ಹಗಲು ಹತ್ತು ಗಂಟೆಗೆ ಪಾಲಕರ ಸಭೆ ಕರೆದು, ಯಾರೂ ಬರಲಿಲ್ಲ, ಅವರಿಗೇ ಆಸಕ್ತಿಯಿಲ್ಲ ಎಂದು ಬರೆದಿಡುವುದು ಅನ್ಯಾಯ.

ಇನ್ನು ಯಾವ ಪಾಠ ಎಂಬ ಪ್ರಶ್ನೆ. ಇಲ್ಲಿ ಕೌನ್ಸೆಲರಿನ ತಿಳಿವಳಿಕೆ ಎಲ್ಲಕ್ಕಿಂತ ಹೆಚ್ಚು ಬೇಕಾಗುತ್ತದೆ. ಸಿಕ್ಕಿದ್ದು ಸಿಕ್ಕಹಾಗೆ ನಾಲ್ಕು ಪಾಠ ಓದಿದರೆ ಕ್ರೆಡಿಟ್ ಸೇರುತ್ತದೆ, ಪದವಿಗೆ ಹತ್ತಿರವಾಗುವುದಿಲ್ಲ. ಎಂಜಿನಿಯರಿಂಗ್ ಓದಬೇಕೆಂದವಳಿಗೆ ಗಣಿತದ ಸಾಲಿನ ಪಾಠ, ನರ್ಸ್ ಆಗಬೇಕೆಂದವಳಿಗೆ ಅಂಗರಚನೆಗೆ ದಾರಿ ಮಾಡುವ ಜೀವಶಾಸ್ತ್ರ, ಇನ್ನೂ ತೀರ್ಮಾನ ಆಗದವಳಿಗೆ ಹೆಚ್ಚಿನ ಪದವಿಗಳಿಗೆ ಬೇಕಾಗುವ ಇಂಗ್ಲಿಷ್ ಪ್ರಬಂಧ ಅಥವಾ ಸಂಖ್ಯಾಶಾಸ್ತ್ರ. ಯಾವ ಕಮ್ಯುನಿಟಿ ಕಾಲೇಜಿನ ಯಾವ ಪಾಠವನ್ನು ರಾಜ್ಯದ ಯಾವ ವಿಶ್ವವಿದ್ಯಾಲಯ ಒಪ್ಪುತ್ತದೆ ಎಂದು ತೋರಿಸುವ ಅಸಿಸ್ಟ್ ಎಂಬ ಅಧಿಕೃತ ಜಾಲತಾಣ ಕ್ಯಾಲಿಫೋರ್ನಿಯಾದಲ್ಲಿದೆ. ಹದಿನೈದರ ಹುಡುಗಿ ಅದನ್ನು ತಾನೇ ಓದಿ ಅರ್ಥಮಾಡಿಕೊಳ್ಳಲಿ ಎನ್ನುವುದು ಸರಿಯಲ್ಲ. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದವರು ಸರಾಸರಿ ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡರೆಂದು ಲೆಕ್ಕ ತನಿಖಾ ಕಚೇರಿ ಅಂದಾಜಿಸಿತ್ತು. ಅದು ಎಲ್ಲ ಬಗೆಯ ವರ್ಗಾವಣೆಯ ಲೆಕ್ಕ, ಹೈಸ್ಕೂಲ್ ಮಕ್ಕಳದ್ದು ಮಾತ್ರವಲ್ಲ. ಆದರೂ ಓದಿದ್ದು ನೀರುಪಾಲಾಗುವ ಅಪಾಯ ಎಷ್ಟು ದೊಡ್ಡದು ಎಂದು ಅದು ಹೇಳುತ್ತದೆ.

ಕೌನ್ಸೆಲರಿಗೆ ಎದುರಾಗುವ ಅತಿ ಕಷ್ಟದ ಗಳಿಗೆ ಮಾತ್ರ ಬೇರೆಯೇ. ಅದು ತಮ್ಮ ಶಾಲೆಯ ಹಿತ ಮತ್ತು ಮಗುವಿನ ಹಿತ ಬೇರೆ ಬೇರೆಯಾಗುವ ಗಳಿಗೆ. ಅಮೆರಿಕದ ಸರ್ಕಾರಿ ಶಾಲೆಗೆ ಹಣ ಬರುವುದು ಬಹುಮಟ್ಟಿಗೆ ಮಕ್ಕಳ ತಲೆ ಎಣಿಸಿ. ವಾಷಿಂಗ್ಟನ್ ರಾಜ್ಯದ ರನ್ನಿಂಗ್ ಸ್ಟಾರ್ಟ್‌ನಲ್ಲಿ ಮಗು ಕಾಲೇಜಿಗೆ ಹೋದರೆ ಆ ಪಾಲಿನ ಹಣದಲ್ಲಿ ಶೇ 93 ಕಾಲೇಜಿಗೆ ಹೋಗುತ್ತದೆ, ಶಾಲೆಗೆ ಉಳಿಯುವುದು ಶೇ 7. ಚಿಕ್ಕ ಊರಿನ ಹೈಸ್ಕೂಲಿನಲ್ಲಿ ಹತ್ತಿಪ್ಪತ್ತು ಮಕ್ಕಳು ಹೊರಟರೆ ಒಬ್ಬ ಮೇಷ್ಟ್ರ ಹುದ್ದೆಗೇ ಕುತ್ತು. ಹೊರಡುವವರು ಚುರುಕಾದವರೇ ಆದರೆ ಕಾಲೇಜು ಮಟ್ಟದ ಪಾಠವನ್ನು ಶಾಲೆಯೇ ಕಲಿಸುವ ಎಪಿ ತರಗತಿಗಳೂ ಬರಿದಾಗುತ್ತವೆ. ಹೀಗಾಗಿ ಪ್ರಿನ್ಸಿಪಾಲರು ನೇರವಾಗಿ ಬೇಡ ಎನ್ನದಿದ್ದರೂ, ಜೋರಾಗಿ ಹೇಳಬೇಡಿ ಎನ್ನುವ ಸೂಚನೆ ಗಾಳಿಯಲ್ಲೇ ಇರುತ್ತದೆ. ಮೊದಲು ದಾರಿ ತೋರಿಸಿದ ಮಿನೆಸೋಟದ ಕಾನೂನಿನಲ್ಲೇ ಬಹುಕಾಲ ಒಂದು ವಿಚಿತ್ರ ಕಲಮು ಇತ್ತು. ಹಣ ಉಳಿಯುತ್ತದೆ ಎಂಬ ಕಾರಣ ಹೇಳಿ ಕಾಲೇಜುಗಳು ಹೈಸ್ಕೂಲ್ ಮಕ್ಕಳನ್ನು ಕರೆಯುವಂತಿಲ್ಲ! ಉಳಿಯುವುದು ನಿಜವೇ, ಆದರೆ ಅದನ್ನು ಹೇಳುವಂತಿಲ್ಲ. ಆಮೇಲೆ ಅದನ್ನು ಸಡಿಲಿಸಿದರು. ಆ ನಿರ್ಬಂಧದಿಂದ ಹೆಚ್ಚು ನಷ್ಟವಾದದ್ದು ಹಣ ಉಳಿಸಲೇಬೇಕಾದ ಮನೆಗಳಿಗೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಸಂಬಳ ಶಾಲೆಯಿಂದ, ಹೊಣೆ ಮಗುವಿನ ಕಡೆಗೆ. ಈ ಎರಡರ ನಡುವೆ ಕೌನ್ಸೆಲರ್ ನೇರ ನಿಂತು ಮಾತಾಡುವುದಕ್ಕೆ ಎದೆಗಾರಿಕೆ ಬೇಕು, ನಿಜ. ಆದರೆ ಒಬ್ಬೊಬ್ಬರ ಎದೆಗಾರಿಕೆಯನ್ನೇ ನಂಬಿ ವ್ಯವಸ್ಥೆ ಕಟ್ಟಬಾರದು. ಒಹಾಯೊ 2015ರಲ್ಲಿ ಕಾಲೇಜ್ ಕ್ರೆಡಿಟ್ ಪ್ಲಸ್ ಜಾರಿಗೆ ತಂದಾಗ ಮಾಡಿದ್ದು ನನಗೆ ಮೆಚ್ಚಿಗೆಯಾಗುತ್ತದೆ. ಆರನೇ ತರಗತಿಯಿಂದ ಹನ್ನೊಂದರವರೆಗಿನ ಪ್ರತಿ ಮಗುವಿನ ಮನೆಗೂ ಪ್ರತಿ ವರ್ಷ ಮಾಹಿತಿ ಕೊಡಲೇಬೇಕು, ಸಭೆ ಕರೆಯಲೇಬೇಕು ಎಂದು ಕಾನೂನಿನಲ್ಲೇ ಬರೆದರು. ಮುಂದಿನ ವರ್ಷಕ್ಕೆ ಸೇರುವ ಇರಾದೆಯನ್ನು ಏಪ್ರಿಲ್ 1ರೊಳಗೆ ಮಗು ತಿಳಿಸಬೇಕು, ತಪ್ಪಿದರೆ ಪ್ರಿನ್ಸಿಪಾಲರ ಒಪ್ಪಿಗೆ ಬೇಕಾಗುತ್ತದೆ. ಹೇಳುವುದು ಶಾಲೆಯ ಕರ್ತವ್ಯವಾದಾಗ ಕೌನ್ಸೆಲರ್ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಟೆಕ್ಸಸ್ 2023ರಲ್ಲಿ ಬಡ ಮನೆಯ ಮಕ್ಕಳಿಗೆ ಈ ಪಾಠಗಳನ್ನು ಉಚಿತ ಮಾಡುವ ಯೋಜನೆ ತಂದಿತು, ಕಾಲೇಜಿಗೆ ಆಗುವ ಖರ್ಚನ್ನು ರಾಜ್ಯವೇ ಕೊಡುತ್ತದೆ. ಕ್ಯಾಲಿಫೋರ್ನಿಯಾದ ಒಪ್ಪಂದಗಳಲ್ಲಿ ಶಾಲೆಯ ಪಾಲೂ ಉಳಿಯುತ್ತದೆ, ಕಾಲೇಜಿಗೂ ಸಿಗುತ್ತದೆ. ಹಣದ ಜಗಳ ಹೀಗೆ ಬಗೆಹರಿದ ಕಡೆ ಕೌನ್ಸೆಲರಿನ ಬಾಯಿ ತಾನಾಗಿ ತೆರೆಯುತ್ತದೆ.

ಎಲ್ಲ ಮಕ್ಕಳನ್ನೂ ತಳ್ಳಿಬಿಡಿ ಎಂದು ನಾನು ಹೇಳುತ್ತಿಲ್ಲ. ಕಾಲೇಜಿನ ಅಂಕಪಟ್ಟಿ ಶಾಶ್ವತ. ಹದಿನೈದರಲ್ಲಿ ಬಂದ ಎಫ್ ಇಪ್ಪತ್ತರಲ್ಲೂ ಬೆನ್ನಿಗಿರುತ್ತದೆ, ಮುಂದೆ ಸರ್ಕಾರದ ಧನಸಹಾಯ ಕೇಳುವಾಗ ಓದಿನ ಪ್ರಗತಿಯ ಲೆಕ್ಕಕ್ಕೂ ಬರುತ್ತದೆ. ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಹೈಸ್ಕೂಲಿನಲ್ಲಿ ಐಇಪಿ ಎಂಬ ವಿಶೇಷ ಯೋಜನೆ ಇರುತ್ತದೆ, ಅದು ಹಾಗೆಯೇ ಕಾಲೇಜಿಗೆ ಹೋಗುವುದಿಲ್ಲ. ಅಲ್ಲಿನ ಅಂಗವಿಕಲ ಸೇವಾ ಕಚೇರಿಗೆ ಹೊಸದಾಗಿ ಕೇಳಿ ಪಡೆಯಬೇಕು. ಕಾಲೇಜಿಗೆ ಸೇರಿದ ಕೂಡಲೇ ಆ ದಾಖಲೆಗಳ ಹಕ್ಕು ಮಗುವಿನದೇ ಆಗುತ್ತದೆ, ಅಮ್ಮ ಫೋನ್ ಮಾಡಿ ಪ್ರೊಫೆಸರ್ ಹತ್ತಿರ ಅಂಕ ಕೇಳಲಾಗದು. ಅಂಕ ಕೆಡುವ ಮೊದಲೇ ಪಾಠ ಬಿಡಲು ಕೊನೆಯ ದಿನ ಯಾವುದು ಎಂಬುದನ್ನು ಯಾರಾದರೂ ನೆನಪಿಸಬೇಕು. ಸೇರಿಸಿ ಕೈಬಿಡುವ ಕೌನ್ಸೆಲರ್ ಅರ್ಧ ಕೆಲಸ ಮಾಡಿದಂತೆ, ಆ ಅರ್ಧ ಕೆಲಸ ಮಗುವಿಗೆ ಹಾನಿಯನ್ನೂ ಮಾಡಬಹುದು. ಸೇರಿದ ಐದಾರನೇ ವಾರ ಪ್ರತಿ ಮಗುವನ್ನೂ ಕರೆದು ಕೇಳಬೇಕು. ಇದಕ್ಕೂ ಬೇಕಾಗುವುದು ಸಮಯವೇ.

ಹಳ್ಳಿಗಳ ಕಡೆ ಇನ್ನೊಂದು ತೊಡಕು. ಈ ಪಾಠಗಳಲ್ಲಿ ಹೆಚ್ಚಿನವನ್ನು ಹೈಸ್ಕೂಲಿನಲ್ಲೇ ಹೈಸ್ಕೂಲ್ ಮೇಷ್ಟ್ರುಗಳು ಕಲಿಸುತ್ತಾರೆ. ಕಲಿಸುವವರಿಗೆ ಮಾಸ್ಟರ್ಸ್ ಪದವಿ, ಜೊತೆಗೆ ಆ ವಿಷಯದಲ್ಲಿ 18 ಕ್ರೆಡಿಟ್ ಸ್ನಾತಕೋತ್ತರ ಓದು ಇರಬೇಕೆಂಬ ಷರತ್ತು ಬಹಳ ಕಡೆ ಇದೆ. ಗುಣಮಟ್ಟಕ್ಕೆ ಅದು ಬೇಕು. ಆದರೆ ಸಾವಿರ ಜನರ ಊರಿನ ಶಾಲೆಗೆ ಅಂಥ ಗಣಿತದ ಮೇಷ್ಟ್ರು ಎಲ್ಲಿಂದ ಬರಬೇಕು? ಮೇಷ್ಟ್ರು ಮುಂದೆ ಓದಲು ರಾಜ್ಯವೇ ಹಣ ಕೊಡಬೇಕು, ಅದುವರೆಗೆ ಆನ್‌ಲೈನ್ ಪಾಠವಾದರೂ ಇರಬೇಕು.

ನಮ್ಮವರ ಮಾತಿಗೆ ಬರುತ್ತೇನೆ. ಫ್ರೀಮಾಂಟ್, ಕ್ಯುಪರ್ಟಿನೊ, ಡಲ್ಲಾಸ್ ಬಳಿಯ ಫ್ರಿಸ್ಕೊ, ಪ್ಲೇನೊ, ಇಲ್ಲೆಲ್ಲ ಕನ್ನಡದ ಕುಟುಂಬಗಳಿವೆ. ಎಸ್ಸೆಸ್ಸೆಲ್ಸಿ, ಪಿಯುಸಿ ಎಂದು ಒಂದೇ ಸಾಲಿನಲ್ಲಿ ಓದಿ ಬಂದವರಿಗೆ ಅಮೆರಿಕದ ಹೈಸ್ಕೂಲಿನ ಪಾಠ ಆಯ್ಕೆಯ ಗೋಜಲು ಮೊದಲ ವರ್ಷ ಅರ್ಥವಾಗುವುದಿಲ್ಲ. ಆದರೆ ಬೇಗ ಕಲಿಯುತ್ತಾರೆ. ಕನ್ನಡ ಕೂಟದ ಊಟದ ಸಾಲಿನಲ್ಲಿ, ವಾಟ್ಸ್ಯಾಪ್ ಗುಂಪಿನಲ್ಲಿ, ಬೇಸಿಗೆಯಲ್ಲಿ ಓಲೋನಿ ಕಾಲೇಜಿನಲ್ಲಿ ಯಾವ ಪಾಠ, ಡಿ ಆನ್ಜಾದಲ್ಲಿ ಯಾವುದು, ಕಾಲಿನ್ ಕಾಲೇಜಿನಲ್ಲಿ ಸೇರುವುದು ಹೇಗೆ ಎಂಬುದೆಲ್ಲ ಒಬ್ಬರಿಂದ ಒಬ್ಬರಿಗೆ ತಿಳಿಯುತ್ತದೆ. ಇವರ ಮಕ್ಕಳಿಗೆ ಕೌನ್ಸೆಲರ್ ಹೇಳದಿದ್ದರೂ ನಡೆಯುತ್ತದೆ, ಹೇಳಲು ಮನೆಯಿದೆ. ಅದೇ ಶಾಲೆಯ ಅದೇ ತರಗತಿಯಲ್ಲಿ ಪಕ್ಕದ ಬೆಂಚಿನಲ್ಲಿ ಕುಳಿತ, ಅಮ್ಮ ಹೋಟೆಲಿನಲ್ಲಿ ಕೋಣೆ ಒರೆಸುವ ಮಗುವಿಗೆ ಹೇಳಲು ಶಾಲೆಯ ಹೊರತು ಇನ್ನಾರೂ ಇಲ್ಲ.

ಮಕ್ಕಳು ಕಲಿಯುವ ಕನ್ನಡಕ್ಕೆ ಹೈಸ್ಕೂಲಿನಲ್ಲಿ ವಿದೇಶಿ ಭಾಷೆಯ ಕ್ರೆಡಿಟ್ ಸಿಗಬೇಕೆಂದು ಅಮೆರಿಕದ ಕೆಲವು ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ ಕನ್ನಡಿಗರು ಓಡಾಡಿ, ಅರ್ಜಿ ಕೊಟ್ಟು, ಒಪ್ಪಿಸಿಕೊಂಡಿದ್ದಾರೆ. ಸ್ಕೂಲ್ ಡಿಸ್ಟ್ರಿಕ್ಟಿನ ಆಡಳಿತ ಮಂಡಳಿಯಾದ ಬೋರ್ಡಿನ ಮುಂದೆ ನಿಂತು ಕೇಳುವುದು ಹೇಗೆಂದು ಅವರಿಗೆ ಗೊತ್ತಿದೆ. ಆ ಅನುಭವ ಇಲ್ಲಿಯೂ ಬಳಕೆಯಾಗಲಿ ಎಂಬುದು ನನ್ನ ಕೋರಿಕೆ. ಕ್ಯಾಲಿಫೋರ್ನಿಯಾದಲ್ಲಿ ಶಾಲೆ ಮತ್ತು ಕಾಲೇಜಿನ ಒಪ್ಪಂದ ಬೋರ್ಡಿನ ಬಹಿರಂಗ ಸಭೆಯಲ್ಲೇ ಮಂಜೂರಾಗಬೇಕು, ಅಲ್ಲಿ ಯಾರು ಬೇಕಾದರೂ ಎದ್ದು ಎರಡು ಮೂರು ನಿಮಿಷ ಮಾತಾಡಬಹುದು. ನಿಮ್ಮ ಮಗುವಿನ ಸೀಟು ಭದ್ರವಾದ ಮೇಲೆಯೂ ಒಮ್ಮೆ ಆ ಸಭೆಗೆ ಹೋಗಿ. ನಮ್ಮ ಶಾಲೆಯಲ್ಲಿ ಒಬ್ಬ ಕೌನ್ಸೆಲರಿಗೆ ಎಷ್ಟು ಮಕ್ಕಳು, ಕಾಲೇಜು ಪಾಠದ ಪತ್ರ ಯಾವ ಯಾವ ಭಾಷೆಯಲ್ಲಿ ಮನೆಗೆ ಹೋಗುತ್ತದೆ, ಈ ವರ್ಷ ಸೇರಿದವರಲ್ಲಿ ಮನೆಯಿಂದ ಮೊದಲ ಬಾರಿಗೆ ಕಾಲೇಜಿಗೆ ಹೊರಟವರು ಎಷ್ಟು ಮಂದಿ ಎಂದು ಕೇಳಿ. ಉತ್ತರ ಬರುವವರೆಗೂ ಕೇಳಿ.